ಹಗುರ ತೋಟೆ, ಹಟಮಾರಿ ಪಿಸ್ತೂಲು

ಬುಲ್ಸ್‌ಐ ಪಂದ್ಯದಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿದು ಹೊಡೆಯಬೇಕು. 50 ಗಜ ದೂರದ ಗುರಿಗೆ ಹತ್ತು ನಿಮಿಷದಲ್ಲಿ ಹತ್ತು ಗುಂಡು. ಆಮೇಲೆ 25 ಗಜದಲ್ಲಿ 20 ಸೆಕೆಂಡಿಗೆ ಐದು, ಅದು ಮುಗಿದ ಮೇಲೆ 10 ಸೆಕೆಂಡಿಗೆ ಐದು. ಪೂರ್ತಿ ಪಂದ್ಯ 2700 ಅಂಕದ್ದು, 270 ಗುಂಡಿನದು: .22ರಲ್ಲಿ (ಗುಂಡಿನ ದಪ್ಪ, ಇಂಚಿನ ಲೆಕ್ಕ) 90, ಸೆಂಟರ್‌ಫೈರ್‌ನಲ್ಲಿ (ತಳದ ನಡುವೆ ಕಿಡಿ ಹೊತ್ತಿಸುವ ಕೇಪಿರುವ ತೋಟೆ) 90, .45ರಲ್ಲಿ 90. ಸೆಂಟರ್‌ಫೈರ್‌ಗೂ .45 ಅನ್ನೇ ಬಳಸುವವರು ಬಹಳ, ನಾನೂ ಹಾಗೇ. ಅಂದರೆ ಒಂದು ಪಂದ್ಯಕ್ಕೆ 180 ಸಲ ಅದರ ಒದೆತ ತಿನ್ನಬೇಕು. ಅಂಗಡಿಯಲ್ಲಿ ಸಿಗುವ .45 ತೋಟೆ ಸೈನ್ಯದ ಲೆಕ್ಕದ್ದು: 230 ಗ್ರೇನ್ (ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ) ಗುಂಡು, ಸೆಕೆಂಡಿಗೆ ಸುಮಾರು 830 ಅಡಿ ವೇಗ. ಕಾಗದಕ್ಕೆ ತೂತು ಮಾಡಲು ಅಷ್ಟೊಂದು ಏಕೆ ಬೇಕು? ಅದಕ್ಕೇ ನನ್ನ ತೋಟೆಗಳನ್ನು ಮನೆಯಲ್ಲಿ ನಾನೇ ಹಗುರವಾಗಿ ತುಂಬಿಕೊಳ್ಳುತ್ತೇನೆ.

ನಾನಿರುವುದು ಒಹಾಯೋದಲ್ಲಿ. 1907ರಿಂದ ರಾಷ್ಟ್ರೀಯ ಪಂದ್ಯಗಳಿಗೆ ಹೆಸರಾದ ಕ್ಯಾಂಪ್ ಪೆರಿ ಇದೇ ರಾಜ್ಯದಲ್ಲಿ, ಈರಿ ಸರೋವರದ ದಂಡೆಯಲ್ಲಿದೆ. ಎಚ್‌-1ಬಿ ವೀಸಾದವರು ಕೋವಿ, ತೋಟೆ ಇಟ್ಟುಕೊಳ್ಳಲು ಇಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲವಾದ್ದರಿಂದ ಗ್ರೀನ್ ಕಾರ್ಡ್ ಬಂದ ಮೇಲಷ್ಟೇ ನಾನು ಇದಕ್ಕೆ ಇಳಿದದ್ದು. ಕೊಡಗಿನಲ್ಲಿ ಬೆಳೆದವನಿಗೆ ಕೋವಿ ಹೊಸದಲ್ಲ, ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಲೇ ದೊಡ್ಡವನಾದವನು. ಆದರೆ ಮದ್ದನ್ನು ಗ್ರೇನಿನ ಹತ್ತನೇ ಒಂದು ಭಾಗದವರೆಗೆ ತೂಗುವ ಈ ಕೆಲಸ ಬೇರೆಯೇ ಜಾತಿಯದು.

ಓಡಾಡುತ್ತ ಹೊಡೆಯುವ ಯುಎಸ್‌ಪಿಎಸ್‌ಎ ತರಹದ ಪಂದ್ಯಗಳಲ್ಲಿ ತೋಟೆಯ ಬಲಕ್ಕೆ ಕನಿಷ್ಠ ಮಿತಿ ಇದೆ. ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಮೈನರ್ ಎಂಬ ವರ್ಗಕ್ಕೆ 125, ಮೇಜರ್ ವರ್ಗಕ್ಕೆ 165 ಬರಬೇಕು. ಬುಲ್ಸ್‌ಐನಲ್ಲಿ ಅಂಥ ಮಿತಿ ಇಲ್ಲ. ಎಷ್ಟು ಹಗುರ ಮಾಡಬಹುದು ಎಂಬುದನ್ನು ತೀರ್ಮಾನಿಸುವುದು ಪಿಸ್ತೂಲೇ. ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಪೂರ್ತಿ ಹಿಂದೆ ಹೋಗಿ, ತೋಟೆಯ ಖಾಲಿ ಹಿತ್ತಾಳೆ ಕೇಸನ್ನು ಎಸೆದು, ಮುಂದಿನ ತೋಟೆಯನ್ನು ಎತ್ತಿಕೊಂಡು ಬರಬೇಕು. ಅಷ್ಟು ಬಲ ಉಳಿಯದಿದ್ದರೆ ಒದೆತ ಎಷ್ಟು ಮೆತ್ತಗಿದ್ದರೂ ಉಪಯೋಗವಿಲ್ಲ.

ನಾನು ಆರಿಸಿಕೊಂಡದ್ದು 200 ಗ್ರೇನಿನ ಸೀಸದ ಸೆಮಿ-ವ್ಯಾಡ್‌ಕಟರ್ ಗುಂಡು. ಅದಕ್ಕೊಂದು ಚೂಪಾದ ಭುಜವಿದೆ, ಕಾಗದದಲ್ಲಿ ದುಂಡಗೆ ತೂತು ಕತ್ತರಿಸುತ್ತದೆ, ಗೆರೆ ಮುಟ್ಟಿತೋ ಇಲ್ಲವೋ ಎಂಬ ವಾದ ಕಡಿಮೆ. ಮದ್ದು ಬುಲ್ಸ್‌ಐ, ಆಟದ ಹೆಸರೇ ಅದಕ್ಕೂ. ಬಹಳ ಬೇಗ ಉರಿಯುವ ಹಳೇ ಮದ್ದು ಅದು. ಒಂದು ತೋಟೆಗೆ 4 ಗ್ರೇನಿನ ಆಸುಪಾಸು ಸಾಕು, ಗ್ರಾಂ ಲೆಕ್ಕದಲ್ಲಿ ಕಾಲು ಗ್ರಾಂ. ಒಂದು ಪೌಂಡ್ ಅಂದರೆ 7000 ಗ್ರೇನ್, ಒಂದು ಡಬ್ಬದಲ್ಲಿ 1750 ತೋಟೆ. ನನ್ನ ನಿಖರ ಅಳತೆಯನ್ನು ಬೇಕೆಂದೇ ಬರೆಯುತ್ತಿಲ್ಲ. ಅದು ನನ್ನ ಬ್ಯಾರಲ್‌ಗೆ, ನನ್ನ ಗುಂಡಿಗೆ ಹೊಂದಿದ್ದು. ಮದ್ದಿನ ಕಂಪನಿಯ ಕೈಪಿಡಿಯಲ್ಲಿ ಕೊಟ್ಟ ಆರಂಭದ ಅಳತೆಯಿಂದಲೇ ಶುರುಮಾಡಬೇಕು, ಅದಕ್ಕಿಂತ ಕೆಳಗೂ ಇಳಿಯಬಾರದು.

ಈ ಕಾಲು ಗ್ರಾಂನಲ್ಲೇ ಅಪಾಯವೂ ಇದೆ. .45ರ ಕೇಸು ದೊಡ್ಡದು, ಮದ್ದು ತಳದಲ್ಲಿ ಒಂದಿಷ್ಟು ಕೂತಿರುತ್ತದೆ ಅಷ್ಟೆ. ಕೈತಪ್ಪಿ ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ, ಮೇಲೆ ಗುಂಡು ಸಲೀಸಾಗಿ ಕೂರುತ್ತದೆ. ಆ ತೋಟೆ ಪಿಸ್ತೂಲನ್ನೇ ಒಡೆಯಬಹುದು. ಮದ್ದು ಬೀಳದೇ ಹೋದರೆ ಇನ್ನೊಂದು ಕಥೆ: ಕೇಪಿನ ಬಲಕ್ಕೇ ಗುಂಡು ಹೋಗಿ ಬ್ಯಾರಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಹಿಂದೆಯೇ ಇನ್ನೊಂದು ಹೊಡೆದರೆ ಬ್ಯಾರಲ್ ಉಬ್ಬುತ್ತದೆ. ಅದಕ್ಕೇ ತೋಟೆ ತುಂಬುವ ಪ್ರೆಸ್‌ನ ಮೇಲೆ ಕೇಸಿನ ಬಾಯಿಗೆ ನೇರ ಬೆಳಕು ಬೀಳುವ ಹಾಗೆ ಸಣ್ಣ ಎಲ್‌ಇಡಿ ಕಟ್ಟಿಕೊಂಡಿದ್ದೇನೆ. ಗುಂಡು ಇಡುವ ಮೊದಲು ಪ್ರತಿಯೊಂದು ಕೇಸಿನೊಳಗೂ ಕಣ್ಣು ಹೋಗಲೇಬೇಕು. ಯಾರಾದರೂ ಮಾತಾಡಿಸಿದರೆ ಹಿಡಿಕೆ ಬಿಟ್ಟು ಉತ್ತರ ಕೊಡುತ್ತೇನೆ. ಮತ್ತೆ ಶುರುಮಾಡುವಾಗ ಪ್ರೆಸ್‌ನಲ್ಲಿ ಅರ್ಧಕ್ಕೆ ನಿಂತ ಕೇಸಿನ ಮದ್ದನ್ನು ಸುರಿದು, ತೂಗಿ, ಆಮೇಲೇ ಮುಂದೆ. ಹೊಡೆಯುವಾಗ ಢಂ ಎನ್ನುವ ಬದಲು ಫುಸ್ ಎಂದರೆ 10 ಸೆಕೆಂಡಿನ ಸುತ್ತಾದರೂ ಸರಿ, ಅಲ್ಲೇ ನಿಲ್ಲಿಸಬೇಕು.

ಇನ್ನು ಪಿಸ್ತೂಲಿನ ಹಟ. ಅಳತೆ ಕೆಳಗಿಳಿದಂತೆ ಮೊದಲು ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲುವುದು ತಪ್ಪುತ್ತದೆ. ಇನ್ನೂ ಇಳಿಸಿದರೆ ಖಾಲಿ ಕೇಸು ಹೊರಗೆ ಹಾರದೆ ಸ್ಲೈಡಿಗೆ ಸಿಕ್ಕಿಕೊಂಡು ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಕ್ಲಬ್ಬಿನ ಹಿರಿಯರೊಬ್ಬರು ನನ್ನ ಪಿಸ್ತೂಲನ್ನು ಕೈಗೆ ತೆಗೆದುಕೊಂಡು ಸ್ಲೈಡ್ ಒಂದು ಸಲ ಎಳೆದು ನೋಡಿ, "ಮದ್ದು ಮುಟ್ಟಬೇಡ, ಮೊದಲು ಸ್ಪ್ರಿಂಗ್ ಬದಲಾಯಿಸು" ಎಂದರು. 1911 ಮಾದರಿಯ .45 ಪಿಸ್ತೂಲಿಗೆ ಕಾರ್ಖಾನೆಯ ಸ್ಪ್ರಿಂಗ್ 16 ಪೌಂಡಿನದು. ಹಗುರ ತೋಟೆಗೆ 12, 13 ಪೌಂಡಿನದು ಒಗ್ಗುತ್ತದೆ. ಒಂದೊಂದೇ ಪೌಂಡ್ ಇಳಿಸುತ್ತ ಬರಬೇಕು, ಏಕೆಂದರೆ ಸ್ಲೈಡನ್ನು ಮುಂದಕ್ಕೆ ತಳ್ಳಿ ತೋಟೆ ಒಳಗೆ ಕೂರಿಸುವುದೂ ಇದೇ ಸ್ಪ್ರಿಂಗ್. ಅತಿ ಮೆತ್ತಗಾದರೆ ಸ್ಲೈಡ್ ಪೂರ್ತಿ ಮುಚ್ಚುವುದಿಲ್ಲ. ಮೆತ್ತನೆ ಸ್ಪ್ರಿಂಗ್ ಹಾಕಿದ ಪಿಸ್ತೂಲಿಗೆ ಅಂಗಡಿಯ ತೋಟೆ ಹಾಕಲೂಬಾರದು, ಸ್ಲೈಡ್ ಬಂದು ಫ್ರೇಮಿಗೆ ಗುದ್ದುತ್ತದೆ. ಕೆಂಪು ಚುಕ್ಕೆಯ ಸೈಟನ್ನು ಸ್ಲೈಡಿನ ಮೇಲೆಯೇ ಕೂರಿಸಿದವರ ಲೆಕ್ಕ ಬೇರೆ. ಸ್ಲೈಡ್ ಭಾರವಾದಷ್ಟೂ ಅದನ್ನು ಹಿಂದಕ್ಕೆ ತಳ್ಳಲು ಮದ್ದು ಹೆಚ್ಚು ಬೇಕು. ಇನ್ನೊಬ್ಬರ ಅಳತೆಯನ್ನು ಹಾಗೇ ಎತ್ತಿಕೊಳ್ಳಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ತೋಟೆ ನಂಬಿಕಸ್ಥವಾಗುವುದು ಮದ್ದಿಗಿಂತ ಹೆಚ್ಚಾಗಿ ಕೇಸಿನ ಬಾಯಲ್ಲಿ ಎಂಬುದು ನನ್ನ ಅಭಿಪ್ರಾಯ. .45ರ ತೋಟೆ ಬ್ಯಾರಲ್ಲಿನ ಹಿಂತುದಿಯ ಚೇಂಬರಿನಲ್ಲಿ ಆತು ನಿಲ್ಲುವುದೇ ಕೇಸಿನ ಬಾಯಂಚಿನ ಮೇಲೆ. ಗುಂಡು ಇಳಿಸಲು ಬಾಯನ್ನು ಸ್ವಲ್ಪ ಅಗಲಿಸಿರುತ್ತೇವಲ್ಲ, ಟೇಪರ್ ಕ್ರಿಂಪ್, ಅಂದರೆ ಬಾಯಂಚನ್ನು ಒಳಕ್ಕೆ ಒತ್ತುವುದು, ಮಾಡುವುದು ಅದನ್ನು ನೆಟ್ಟಗೆ ಮಾಡಲಷ್ಟೇ. ಕ್ಯಾಲಿಪರ್‌ನಲ್ಲಿ 0.470 ಇಂಚು ಬಂದರೆ ಅಲ್ಲಿಗೆ ಬಿಡುತ್ತೇನೆ. ಇನ್ನೂ ಬಿಗಿದರೆ ಅಂಚು ಸೀಸವನ್ನು ಕೊರೆಯುತ್ತದೆ, 50 ಗಜದಲ್ಲಿ ಗುಂಡುಗಳು ಚೆದುರುತ್ತವೆ. ಉದ್ದ 1.250 ಇಂಚಿನ ಸುತ್ತಮುತ್ತ, ಗುಂಡಿನ ಭುಜ ಕೇಸಿನ ಬಾಯಿಂದ ಉಗುರಿನ ದಪ್ಪದಷ್ಟು ಮೇಲೆ. ಬ್ಯಾರಲ್ ಬಿಚ್ಚಿ ಕೈಯಲ್ಲಿ ಹಿಡಿದು ತೋಟೆ ಹಾಕಿದರೆ ಟಣ್ ಎಂದು ಕೂರಬೇಕು, ಬೆರಳಲ್ಲಿ ತಿರುಗಿಸಿದರೆ ತಿರುಗಬೇಕು, ಬೋರಲು ಹಾಕಿದರೆ ತಾನಾಗಿ ಬೀಳಬೇಕು. ಇದು ಆಗದ ತೋಟೆ ಅಭ್ಯಾಸದ ಡಬ್ಬಕ್ಕೂ ಹೋಗುವುದಿಲ್ಲ, ಬಿಚ್ಚುವ ಡಬ್ಬಕ್ಕೆ.

ಕೇಸುಗಳನ್ನು ಆಯುವಾಗ ಸಣ್ಣ ಕೇಪಿನವನ್ನು ಬೇರೆ ಇಡಬೇಕು. .45ಕ್ಕೆ ವಾಡಿಕೆಯಲ್ಲಿ ದೊಡ್ಡ ಕೇಪು, ಈಚೆಗೆ ಸಣ್ಣದರವೂ ಬರುತ್ತಿವೆ. ರೇಂಜಿನಲ್ಲಿ ಹೆಕ್ಕಿ ತಂದ ರಾಶಿಯಲ್ಲಿ ಒಂದು ನುಸುಳಿದರೂ ಪ್ರೆಸ್ ನಿಲ್ಲುತ್ತದೆ.

ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ನೋಡಿದಾಗ ಕಂಡದ್ದು, ಅರೆಖಾಲಿ ಕೇಸಿನಲ್ಲಿ ಮದ್ದು ಎಲ್ಲಿದೆ ಎಂಬುದೂ ವೇಗವನ್ನು ಬದಲಿಸುತ್ತದೆ. ಪಿಸ್ತೂಲಿನ ಮೂತಿ ಮೇಲೆತ್ತಿ ಇಳಿಸಿದರೆ ಮದ್ದು ಕೇಪಿನ ಕಡೆ ಇರುತ್ತದೆ, ವೇಗ ಹೆಚ್ಚು. ಮೂತಿ ತಗ್ಗಿಸಿ ಎತ್ತಿದರೆ ಗುಂಡಿನ ಕಡೆ ಜಾರುತ್ತದೆ, ವೇಗ ಕಡಿಮೆ. ನಿಧಾನದ ಸುತ್ತಿನಲ್ಲಿ ನಾನು ಬೆಂಚಿನಿಂದ ಪ್ರತಿ ಸಲವೂ ಒಂದೇ ರೀತಿ ಎತ್ತುವುದು ಇದಕ್ಕೇ. ನಿಖರತೆಯ ಪರೀಕ್ಷೆಯನ್ನು ಮಾತ್ರ ನನ್ನ ಕೈಗೆ ಬಿಡುವುದಿಲ್ಲ. ಪಿಸ್ತೂಲನ್ನು ಬಿಗಿದು ಹಿಡಿಯುವ ರ‍್ಯಾನ್ಸಮ್ ರೆಸ್ಟ್ ಯಂತ್ರದಲ್ಲಿ ಕೂರಿಸಿ 50 ಗಜದಲ್ಲಿ ಹೊಡೆದಾಗ ಹತ್ತೂ ಗುಂಡು 3.36 ಇಂಚಿನ ಹತ್ತು ಅಂಕದ ವೃತ್ತದೊಳಗೆ ಧಾರಾಳವಾಗಿ ನಿಂತರೆ ಆ ತೋಟೆ ಪಾಸು. ಆಮೇಲೆ ಒಂಬತ್ತಕ್ಕೆ ಬಿದ್ದದ್ದೆಲ್ಲ ನನ್ನ ಕೈಯ ಲೆಕ್ಕ.

ಸೀಸದ ಕೆಲಸವಾದ್ದರಿಂದ ಬೆಂಚಿನ ಮೇಲೆ ಕಾಫಿ ಲೋಟ ಇಲ್ಲ, ಎದ್ದ ಕೂಡಲೇ ಕೈ ತೊಳೆಯುವುದು. ಪ್ರೆಸ್ ಇರುವ ಕೋಣೆಗೆ ಮಕ್ಕಳ ಪ್ರವೇಶವಿಲ್ಲ.

ಇದನ್ನು ಊರಿನಲ್ಲೂ ಮಾಡಬಹುದೇ ಎಂದು ಮಡಿಕೇರಿ ಕಡೆಯ ತಮ್ಮಂದಿರು ಕೇಳುತ್ತಾರೆ. ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. ಕೊಡವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟೆ ಮಾಡುವುದಕ್ಕಲ್ಲ.

ಈಗ 25 ಗಜಕ್ಕೆ ಸೀಸದ್ದೇ ಖಾಯಂ. 50 ಗಜಕ್ಕೆ ಮಾತ್ರ ತಾಮ್ರದ ಹೊದಿಕೆಯ 185 ಗ್ರೇನಿನ ಗುಂಡು ಹಾಕಿ ನೋಡುತ್ತಿದ್ದೇನೆ. ಬೆಲೆ ಜಾಸ್ತಿ, ಆದರೆ ಪಂದ್ಯದಲ್ಲಿ 50 ಗಜಕ್ಕೆ ಬೇಕಾಗುವುದು ಕಡಿಮೆ ತೋಟೆ. ಸ್ಪ್ರಿಂಗ್ ಬದಲಾಯಿಸದೆ ಎರಡನ್ನೂ ಒಂದೇ ಪಿಸ್ತೂಲು ನುಂಗುವ ಅಳತೆ ಇನ್ನೂ ಸಿಕ್ಕಿಲ್ಲ.