ಪಶ್ತೋ ಮತ್ತು ಗ್ರೀಕ್ ಪುಸ್ತಕಗಳಿಗೆ ಭಾಷಾ ಸಂಕೇತ ಹಾಕಿದ್ದು

ತುಮಕೂರಿನ ಪದವಿ ಕಾಲೇಜೊಂದರ ಗ್ರಂಥಾಲಯದಲ್ಲಿ ಪುಸ್ತಕಗಳ ಕ್ಯಾಟಲಾಗ್ ಮಾಡುವುದು ನನ್ನ ಕೆಲಸ. ಗ್ರಂಥಾಲಯಗಳಿಗೆಂದೇ ಇರುವ ಕೋಹಾ ತಂತ್ರಾಂಶದಲ್ಲಿ ಪ್ರತಿ ಪುಸ್ತಕಕ್ಕೂ ಭಾಷೆಯ ಸಂಕೇತ ಕೊಡಬೇಕು. ಕನ್ನಡಕ್ಕೆ ಕೆ-ಎ-ಎನ್, ತೆಲುಗಿಗೆ ಟಿ-ಇ-ಎಲ್. ಇವು ಬೆರಳಿಗೆ ರೂಢಿಯಾಗಿವೆ. ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆಯವರು ದಾನ ಕೊಟ್ಟ ಪುಸ್ತಕಗಳಲ್ಲಿ ಪಶ್ತೋ ಮತ್ತು ಗ್ರೀಕ್ ಸಿಕ್ಕಾಗ ಕುಳಿತು ಯೋಚಿಸಬೇಕಾಯಿತು.

ಸಂಕೇತಕ್ಕಿಂತ ಮೊದಲು ಭಾಷೆ ಖಚಿತವಾಗಬೇಕಲ್ಲ. ನಮ್ಮ ಉರ್ದು ಮೇಷ್ಟರು ಪಶ್ತೋ ಪುಸ್ತಕದ ಪುಟ ತಿರುವಿ, "ಇದು ಉರ್ದು ಅಲ್ಲ ಮೇಡಂ, ಟ, ಡ ನೋಡಿ" ಎಂದರು. ಉರ್ದುವಿನಲ್ಲಿ ಈ ಅಕ್ಷರಗಳ ನೆತ್ತಿಯ ಮೇಲೆ ಪುಟ್ಟ ಗುರುತು ಕೂರುತ್ತದೆ. ಪಶ್ತೋದಲ್ಲಿ ಅಕ್ಷರಕ್ಕೆ ಸಣ್ಣ ಸುತ್ತು ಅಂಟಿಕೊಂಡಿರುತ್ತದೆ.

ಭಾಷಾ ಸಂಕೇತಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 639. ಪಶ್ತೋಗೆ ಅದರ 639-1ನೇ ಭಾಗದಲ್ಲಿ ಎರಡಕ್ಷರದ ಪಿ-ಎಸ್, 639-2ರಲ್ಲಿ ಮೂರಕ್ಷರದ ಪಿ-ಯು-ಎಸ್. ಆಧುನಿಕ ಗ್ರೀಕ್‌ಗೆ ಎರಡಕ್ಷರದ್ದು ಇ-ಎಲ್ ಒಂದೇ, ಮೂರಕ್ಷರದವು ಮಾತ್ರ ಎರಡು: ಗ್ರಂಥಸೂಚಿಗೆ ಜಿ-ಆರ್-ಇ, ಪರಿಭಾಷೆಯ ಕೆಲಸಕ್ಕೆ ಇ-ಎಲ್-ಎಲ್. ಹೀಗೆ ಜೋಡಿ ಸಂಕೇತ ಇರುವ ಭಾಷೆಗಳು ಇಪ್ಪತ್ತು. ಫ್ರೆಂಚ್, ಜರ್ಮನ್, ಪರ್ಷಿಯನ್ ಕೂಡ ಅವುಗಳಲ್ಲಿವೆ. ಪುಸ್ತಕದ ವಿವರಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸಲು ಗ್ರಂಥಾಲಯಗಳು ಬಳಸುವ ಮಾರ್ಕ್ ನಮೂನೆ ಮೊದಲನೆಯದನ್ನು ಬಳಸುತ್ತದೆ, ಐಎಸ್‌ಒದ 639-3ನೇ ಭಾಗ ಎರಡನೆಯದನ್ನು. ಕ್ಯಾಟಲಾಗಿನಲ್ಲಿ ಜಿ-ಆರ್-ಇ ಹಾಕಿದೆ. ಕಾಲೇಜಿನ ಜಾಲತಾಣದ ಪುಟಕ್ಕಾದರೆ ಇ-ಎಲ್ ಬೇಕು, ಏಕೆಂದರೆ ಎರಡಕ್ಷರದ ಸಂಕೇತವಿದ್ದರೆ ಅಲ್ಲಿ ಅದನ್ನೇ ಬಳಸಬೇಕೆಂಬುದು ನಿಯಮ.

ಇನ್ನೊಂದು ಗ್ರೀಕ್ ಪುಸ್ತಕ ಹೊಸ ಒಡಂಬಡಿಕೆಯ ಮೂಲ ಪಠ್ಯ. ಅದಕ್ಕೆ ಜಿ-ಆರ್-ಇ ಸಲ್ಲದು. 1453ರವರೆಗಿನ ಗ್ರೀಕ್‌ಗೆ ಜಿ-ಆರ್-ಸಿ ಎಂಬ ಬೇರೆಯೇ ಸಂಕೇತವಿದೆ. ಅಕ್ಷರಗಳ ಮೇಲಿನ ಚಿಹ್ನೆಗಳನ್ನು ನೋಡಿ ಪ್ರಾಚೀನವೆಂದು ತೀರ್ಮಾನಿಸಬಾರದು. ಆಧುನಿಕ ಗ್ರೀಕ್‌ಗೂ 1982ರಲ್ಲಿ ಒಂದೇ ಸ್ವರಚಿಹ್ನೆಯ ಪದ್ಧತಿ ಅಧಿಕೃತವಾಗುವ ತನಕ ಅದೇ ಹಳೆಯ ಚಿಹ್ನೆಗಳನ್ನು ಹಾಕುತ್ತಿದ್ದರು. ಮುದ್ರಣದ ವರ್ಷವೂ ಇಲ್ಲಿ ಆಸರೆಯಾಗದು, ಪಠ್ಯ ಯಾವ ಕಾಲದ್ದೆಂದು ನೋಡಬೇಕು.

ಗ್ರೀಕ್ ಕಾಲದಿಂದ ಒಡೆದರೆ ಪಶ್ತೋ ಪ್ರದೇಶದಿಂದ ಒಡೆಯುತ್ತದೆ. 639-3ರಲ್ಲಿ ಪಿ-ಯು-ಎಸ್ ಒಂದು ಬೃಹದ್ಭಾಷೆ, ಅಂದರೆ ಹತ್ತಿರದ ಹಲವು ಭಾಷೆಗಳನ್ನು ಒಳಗೊಂಡ ಒಂದು ಹೆಸರು. ಅದರಡಿ ಉತ್ತರದ್ದು ಪಿ-ಬಿ-ಯು, ಮಧ್ಯದ್ದು ಪಿ-ಎಸ್-ಟಿ, ದಕ್ಷಿಣದ್ದು ಪಿ-ಬಿ-ಟಿ. ನಮಗೆ ಬಂದ ಪಶ್ತೋ ಪಾಠಪುಸ್ತಕದ ಇಂಗ್ಲಿಷ್ ಮುನ್ನುಡಿಯಲ್ಲಿ ದಕ್ಷಿಣ ಅಫ್ಘಾನಿಸ್ತಾನದ ಕಂದಹಾರದ ಮಾತೆಂದು ಸ್ಪಷ್ಟವಾಗಿ ಬರೆದಿತ್ತು. ಇಂಥ ವಿವರವನ್ನು ಬಿಟ್ಟುಬಿಡುವುದು ನನಗೆ ಸರಿಕಾಣಲಿಲ್ಲ. ಮಾರ್ಕ್‌ನಲ್ಲಿ ಮುಖ್ಯ ಭಾಷಾ ಸಂಕೇತ ಕೂರುವ 008ನೇ ಕ್ಷೇತ್ರದಲ್ಲಿ ಪಿ-ಯು-ಎಸ್ ಉಳಿಸಿ, ಹೆಚ್ಚಿನ ಭಾಷಾ ಸಂಕೇತಗಳ 041ನೇ ಕ್ಷೇತ್ರದ ಎರಡನೇ ಸೂಚಕಕ್ಕೆ 7 (ಸಂಕೇತ ಬೇರೆ ಪಟ್ಟಿಯದು ಎಂಬ ಗುರುತು) ಕೊಟ್ಟು ಪಿ-ಬಿ-ಟಿ ಸೇರಿಸಿ, ಅದು 639-3ರದ್ದೆಂದು ಉಪಕ್ಷೇತ್ರ 2ರಲ್ಲಿ ಬರೆದೆ.

ಈ ದಾರಿಯಿಂದ ನಮ್ಮ ತುಳು ಪುಸ್ತಕಗಳಿಗೂ ಉಪಕಾರವಾಯಿತು. ಮಾರ್ಕ್ ಪಟ್ಟಿಯಲ್ಲಿ ತುಳುವಿಗೆ ಸ್ವಂತ ಸಂಕೇತವಿಲ್ಲ, ದ್ರಾವಿಡ ಭಾಷೆಗಳ ಒಟ್ಟು ಗುಂಪಿನ ಡಿ-ಆರ್-ಎ ಅಷ್ಟೇ. 639-3ರಲ್ಲಿ ಟಿ-ಸಿ-ವೈ ಇದೆ. ಈಗ 041ರಲ್ಲಿ ಅದನ್ನೂ ಒಂದೊಂದಾಗಿ ಸೇರಿಸುತ್ತಿದ್ದೇನೆ.