ಐವತ್ತಕ್ಕೆ ಒಂದು ನೋಟ್‌ಬುಕ್: ಮೈಗೂ ದುಡ್ಡಿಗೂ ಒಂದೇ ಲೆಕ್ಕ

ಅಪ್ಪ ತೀರಿಕೊಂಡು ವೈಕುಂಠ ಸಮಾರಾಧನೆ ಮುಗಿದ ಸಂಜೆ, ನೆಂಟರೆಲ್ಲ ಹೊರಟ ಮೇಲೆ, ಅಮ್ಮ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದಿಟ್ಟರು. ಎಫ್‌ಡಿ ರಸೀದಿಗಳು, ಎರಡು ಪಾಸ್‌ಬುಕ್, ಅವಧಿ ಮುಗಿದು ನಾಲ್ಕು ವರ್ಷವಾದರೂ ಹಣ ಪಡೆಯದೆ ಬಿಟ್ಟಿದ್ದ ಒಂದು ವಿಮಾ ಬಾಂಡ್, ನಡುವೆ ಡಾಕ್ಟರ ಚೀಟಿಗಳು. ಒಂದು ಚೀಟಿಯ ಮೂಲೆಯಲ್ಲಿ ಬಿಪಿ 170/100 ಎಂದಿತ್ತು. ಅದು ಮೂರು ವರ್ಷದ ಹಿಂದಿನ ಚೀಟಿ. ಮನೆಯಲ್ಲಿ ಯಾರಿಗೂ ಅವರು ಹೇಳಿರಲಿಲ್ಲ. ‘ಆಸ್ಪತ್ರೆಗೆ ಹೋದರೆ ಸುಮ್ಮನೆ ಖರ್ಚು’ ಎನ್ನುತ್ತಿದ್ದರು. ಪಾರ್ಶ್ವವಾಯು ಬಡಿದು ಇಪ್ಪತ್ತು ದಿನ ಐಸಿಯುನಲ್ಲಿ ಮಲಗಿದಾಗ, ಹಾಗೆ ಉಳಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಕರಗಿಹೋಯಿತು.

ಆಮೇಲೆ ನನಗೆ ಅರ್ಥವಾದದ್ದು ಇಷ್ಟು. ಐವತ್ತರ ನಂತರ ಮೈಯ ಲೆಕ್ಕ ಬೇರೆ, ದುಡ್ಡಿನ ಲೆಕ್ಕ ಬೇರೆ ಎಂದು ಇಟ್ಟುಕೊಂಡವರಿಗೆ ಎರಡೂ ಕೈತಪ್ಪುತ್ತವೆ. ಹಾಗಾಗಿ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುವ ಕ್ರಮವೊಂದನ್ನು ಇಲ್ಲಿ ಹೇಳುತ್ತಿದ್ದೇನೆ. ನಲವತ್ತೈದಕ್ಕೇ ಶುರುಮಾಡಿದರೆ ಒಳ್ಳೆಯದು. ಅರವತ್ತಾಗಿದ್ದರೂ ತಡವಾಯಿತೆಂದು ಕೈಬಿಡಬೇಡಿ.

ಹೆಜ್ಜೆ 1: ಪುಸ್ತಕ ತನ್ನಿ

ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ಒಂದು ಸಾಕು. ಎಡಪುಟದಲ್ಲಿ ಮೈ, ಬಲಪುಟದಲ್ಲಿ ದುಡ್ಡು. ಮೊಬೈಲ್ ಆ್ಯಪ್ ಬೇಡವೇ ಎಂದು ಕೇಳುವವರಿದ್ದಾರೆ. ನಿಮ್ಮ ಮೊಬೈಲಿನ ಲಾಕ್ ತೆರೆಯಲು ಮನೆಯವರಿಗೆ ಬಾರದ ದಿನವೇ ಈ ಪುಸ್ತಕದ ಅಗತ್ಯ ಬೀಳುವುದು, ಅದಕ್ಕೇ ಕಾಗದದಲ್ಲಿರಲಿ. ಮೊದಲ ಪುಟದಲ್ಲಿ ರಕ್ತದ ಗುಂಪು, ಮಾತ್ರೆಗಳ ಹೆಸರು, ಆಗದ ಔಷಧಿ, ವಿಮಾ ಪಾಲಿಸಿಯ ನಂಬರ್, ಯಾವ ಬ್ಯಾಂಕಿನ ಯಾವ ಶಾಖೆಯಲ್ಲಿ ಖಾತೆ, ಲಾಕರ್ ಕೀ ಎಲ್ಲಿದೆ ಎಂಬುದನ್ನು ಬರೆಯಿರಿ. ಪಿನ್, ಪಾಸ್‌ವರ್ಡ್ ಮಾತ್ರ ಬರೆಯಬೇಡಿ.

ಹೆಜ್ಜೆ 2: ಎಡಪುಟಕ್ಕೆ ನಾಲ್ಕು ಅಂಕಿ

ಬಿಪಿ, ಸಕ್ಕರೆ, ಸೊಂಟದ ಸುತ್ತಳತೆ, ಕಾಲಿನ ಬಲ. ದೊಡ್ಡ ಪ್ಯಾಕೇಜಿನ ‘ಮಾಸ್ಟರ್ ಚೆಕಪ್’ಗೆ ಹೋಗುವ ಮೊದಲು ಈ ನಾಲ್ಕು ಗೊತ್ತಿರಲಿ.

ಬಿಪಿ ನೋಡುವುದಕ್ಕೂ ಒಂದು ಕ್ರಮವಿದೆ. ಕಾಫಿ ಕುಡಿದು, ಮೆಟ್ಟಿಲು ಹತ್ತಿ ಬಂದ ತಕ್ಷಣ ನೋಡಿದ ಬಿಪಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ-ಸಿಗರೇಟು, ವ್ಯಾಯಾಮ ಯಾವುದೂ ಬೇಡ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕೂರಿ. ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆಯಿರಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ದಾಟುತ್ತಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ತಲೆನೋವಿಲ್ಲ, ತಲೆಸುತ್ತಿಲ್ಲ, ಹಾಗಾಗಿ ಬಿಪಿಯೂ ಇಲ್ಲ ಎಂದು ನಮ್ಮಪ್ಪನೂ ನಂಬಿದ್ದರು.

ಸಕ್ಕರೆಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. 5.7ರಿಂದ 6.4 ಬಂದರೆ ಎಚ್ಚರಿಕೆ, 6.5 ಮುಟ್ಟಿದರೆ ಮಧುಮೇಹ. ಸೊಂಟದ ಸುತ್ತಳತೆ ನಮ್ಮ ದೇಶದ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಮತ್ತು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ. ಹೆಣ್ಣುಮಕ್ಕಳು ಮುಟ್ಟು ನಿಂತ ಮೇಲೆ ಮೂಳೆಯ ಬಗ್ಗೆಯೂ ಡಾಕ್ಟರನ್ನು ಕೇಳಬೇಕು. ಮನೆಯವರಿಗೆಲ್ಲ ಮಾತ್ರೆ ನೆನಪಿಸುವ ಹೆಂಗಸು ತನ್ನ ಪರೀಕ್ಷೆಯನ್ನು ಮಾತ್ರ ದೀಪಾವಳಿ ಆಗಲಿ, ಸಂಕ್ರಾಂತಿ ಆಗಲಿ ಎಂದು ಮುಂದೂಡುವುದನ್ನು ನಾನು ಕಂಡ ಎಲ್ಲ ಮನೆಗಳಲ್ಲೂ ನೋಡಿದ್ದೇನೆ.

ಕಾಲಿನ ಬಲ ನೋಡಲು ಕುರ್ಚಿಯೊಂದಿದ್ದರೆ ಸಾಕು. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಮನೆಯವರು ಎಣಿಸಲಿ. 60ರಿಂದ 64ರ ವಯಸ್ಸಿನಲ್ಲಿ ಹೆಂಗಸರಿಗೆ 12, ಗಂಡಸರಿಗೆ 14ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಐವತ್ತರಲ್ಲೇ ಇಷ್ಟಾಗದಿದ್ದರೆ ಈ ವಾರವೇ ಮುಂದಿನ ಹೆಜ್ಜೆಗೆ ಇಳಿಯಿರಿ.

ಹೆಜ್ಜೆ 3: ನಡಿಗೆಯ ಜೊತೆ ಬಲದ ಕೆಲಸ

ನಡಿಗೆಯನ್ನು ನಮ್ಮವರು ಚೆನ್ನಾಗಿಯೇ ರೂಢಿಸಿಕೊಂಡಿದ್ದಾರೆ. ಆದರೆ ವಾರಕ್ಕೆ 150 ನಿಮಿಷದ ಚುರುಕು ನಡಿಗೆಯ ಜೊತೆಗೆ ಎರಡು ದಿನ ಸ್ನಾಯುವಿಗೆ ಬಲ ಕೊಡುವ ಕೆಲಸವೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಎರಡನೆಯದನ್ನೇ ಎಲ್ಲರೂ ಬಿಡುವುದು. ಮೇಲಿನ ಕುರ್ಚಿಯಲ್ಲೇ ಹತ್ತು ಸಲ ಎದ್ದು ಕೂರಿ, ಗೋಡೆಗೆ ಅಂಗೈ ಊರಿ ಹತ್ತು ಸಲ ಮೈ ತಳ್ಳಿ, ನೀರು ತುಂಬಿದ ಎರಡು ಲೀಟರ್ ಬಾಟಲಿ ಹಿಡಿದು ತೋಳು ಎತ್ತಿ ಇಳಿಸಿ. ಹಲ್ಲುಜ್ಜುವಾಗ ಸಿಂಕ್ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ. ಎದೆನೋವು ಅಥವಾ ಮಂಡಿಯ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ಶುರುಮಾಡಿ.

ಊಟದಲ್ಲಿ ಹೊಸದೇನನ್ನೂ ತರಿಸಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಆದರೆ ಮುದ್ದೆ ದೊಡ್ಡದಾಗಿ ಸಾರು ನೀರಾದರೆ ಪ್ರಯೋಜನ ಕಡಿಮೆ. ಮುದ್ದೆ ಅರ್ಧವಾಗಲಿ, ಹುರುಳಿ, ಹೆಸರುಕಾಳು, ಅವರೆಕಾಳು ಎರಡು ಸೌಟು ಹೆಚ್ಚಲಿ. ತಿನ್ನುವವರು ಮೊಟ್ಟೆ, ಮೀನು ಸೇರಿಸಿಕೊಳ್ಳಿ. ಉಪ್ಪು ದಿನಕ್ಕೆ ಒಂದು ಚಹಾ ಚಮಚ, ಅಂದರೆ ಐದು ಗ್ರಾಮಿಗಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲವೂ ಆ ಚಮಚದೊಳಗೇ ಬರಬೇಕು.

ಇನ್ನೊಂದು ಮಾತನ್ನು ಪುಸ್ತಕದ ಮೊದಲ ಪುಟಕ್ಕೇ ಸೇರಿಸಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿಯುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಅದು ಎಷ್ಟು ಬೇಗ ಸಿಕ್ಕರೆ ಹೃದಯ ಅಷ್ಟು ಉಳಿಯುತ್ತದೆ.

ಹೆಜ್ಜೆ 4: ಆಸ್ಪತ್ರೆ ಬಿಲ್ಲಿಗೆ ಮೊದಲೇ ಕಟ್ಟೆ ಕಟ್ಟಿ

ಕಂಪನಿ ಕೊಟ್ಟ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಸ್ವಂತ ಪಾಲಿಸಿ ಈಗಲೇ ಮಾಡಿಸಿ. ಮೊದಲಿನಿಂದ ಇರುವ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು ಎಂದು 2024ರಲ್ಲಿ ನಿಯಮ ಬದಲಾಗಿದೆ. ಐವತ್ತಕ್ಕೆ ತೆಗೆದುಕೊಂಡರೆ ಐವತ್ತಮೂರಕ್ಕೆ ನಿಮ್ಮ ಬಿಪಿ, ಸಕ್ಕರೆಯೂ ವಿಮೆಯೊಳಗೆ ಬಂದಿರುತ್ತದೆ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಇಲ್ಲ.

ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. ‘ಬರೆದರೆ ಪ್ರೀಮಿಯಂ ಜಾಸ್ತಿಯಾಗುತ್ತೆ, ಬಿಡಿ ಸಾರ್’ ಎನ್ನುವ ಏಜೆಂಟ್ ಕ್ಲೇಮಿನ ದಿನ ನಿಮ್ಮ ಜೊತೆ ಇರುವುದಿಲ್ಲ. ಪಾಲಿಸಿಯಲ್ಲಿ ರೂಮ್ ಬಾಡಿಗೆಯ ಮಿತಿಯನ್ನೂ ಓದಿ. ಮಿತಿ ದಿನಕ್ಕೆ 5,000 ಇದ್ದು ನೀವು 10,000ದ ರೂಮಿಗೆ ಸೇರಿದರೆ, ಕಡಿತವಾಗುವುದು ರೂಮಿನ ಬಾಡಿಗೆ ಒಂದೇ ಅಲ್ಲ. ಅನೇಕ ಪಾಲಿಸಿಗಳಲ್ಲಿ ಡಾಕ್ಟರ ಫೀಸು, ಆಪರೇಷನ್ ಥಿಯೇಟರಿನ ವೆಚ್ಚವೂ ಅದೇ ಅನುಪಾತದಲ್ಲಿ ಅರ್ಧಕ್ಕಿಳಿಯುತ್ತದೆ.

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು ಎಂಬುದು ನೆನಪಿರಲಿ.

ಹೆಜ್ಜೆ 5: ಬಲಪುಟದ ಮೊದಲ ಲೆಕ್ಕ

ಮೂರು ತಿಂಗಳ ಮನೆಖರ್ಚು ಬರೆದು ಸರಾಸರಿ ತೆಗೆಯಿರಿ. ತಿಂಗಳಿಗೆ 30,000 ಬಂತು ಎನ್ನೋಣ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಇಮ್ಮಡಿ. ಐವತ್ತರಲ್ಲಿ 30,000 ಇದ್ದದ್ದು ಅರವತ್ತೆರಡಕ್ಕೆ 60,000, ಎಪ್ಪತ್ತನಾಲ್ಕಕ್ಕೆ 1,20,000. ಈ ಮೂರು ಅಂಕಿಯನ್ನು ದೊಡ್ಡಕ್ಷರದಲ್ಲಿ ಬರೆದಿಡಿ. ‘ನಮಗೇನು, ಇಬ್ಬರೇ ತಾನೆ’ ಎಂಬ ಮಾತು ಆಮೇಲೆ ಬಾಯಿಗೆ ಬರುವುದಿಲ್ಲ.

ಮೊದಲು ಸಾಲ ತೀರಿಸಿ, ಅದರಲ್ಲೂ ಕ್ರೆಡಿಟ್ ಕಾರ್ಡ್ ಮತ್ತು ಚಿನ್ನದ ಸಾಲ. ಆರು ತಿಂಗಳ ಖರ್ಚನ್ನು ಕೈಗೆ ಸಿಗುವ ಉಳಿತಾಯದಲ್ಲಿಡಿ. ಸಂಬಳದವರು ಪಿಎಫ್ ಅನ್ನು ಕೆಲಸ ಬದಲಿಸಿದಾಗಲೆಲ್ಲ ತೆಗೆದು ಖಾಲಿ ಮಾಡಬೇಡಿ. ಹತ್ತು ವರ್ಷ ಸೇವೆ ಆಗಿದ್ದರೆ 58ಕ್ಕೆ ಅದರಲ್ಲಿ ಪಿಂಚಣಿಯೂ ಇದೆ. ಅಂಗಡಿ, ಬೇಸಾಯ ಇರುವವರಿಗೆ ವರ್ಷಕ್ಕೆ 1.5 ಲಕ್ಷದವರೆಗೆ ಕಟ್ಟಬಹುದಾದ ಪಿಪಿಎಫ್ ಎಂಬ ಸರ್ಕಾರಿ ಉಳಿತಾಯ ಖಾತೆ ಇದೆ. ಹದಿನೈದು ವರ್ಷದ ಖಾತೆಯಾದ್ದರಿಂದ ನಲವತ್ತೈದಕ್ಕೆ ತೆರೆದವರಿಗೆ ಅರವತ್ತರ ಆಸುಪಾಸಿನಲ್ಲಿ ಕೈಗೆ ಬರುತ್ತದೆ.

ಅರವತ್ತು ತುಂಬಿದ ಮೇಲೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ನನ್ನ ಮೊದಲ ಆಯ್ಕೆ. ಒಬ್ಬರು 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 8.2ಕ್ಕೆ ಏರಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪ್ರಕಟಿಸಿದರೂ, ನೀವು ಸೇರಿದ ದಿನದ ದರ ಐದು ವರ್ಷವೂ ಹಾಗೇ ಇರುತ್ತದೆ. ಆ ದರದಲ್ಲಿ 10 ಲಕ್ಷ ಇಟ್ಟರೆ ಮೂರು ತಿಂಗಳಿಗೆ 20,500 ಬರುತ್ತದೆ.

ಇನ್ನು ಸೊಸೈಟಿಗಳ, ಅಂದರೆ ಪತ್ತಿನ ಸಹಕಾರ ಸಂಘಗಳ ಮಾತು. ‘ಬ್ಯಾಂಕಿಗಿಂತ ಎರಡು ಪರ್ಸೆಂಟ್ ಜಾಸ್ತಿ, ನಮ್ಮವರೇ ಡೈರೆಕ್ಟರು’ ಎಂಬ ಒಂದೇ ಮಾತಿಗೆ ನಿವೃತ್ತಿಯ ಗಂಟನ್ನೆಲ್ಲ ತಂದು ಸುರಿಯುವವರನ್ನು ಕಂಡು ಹೊಟ್ಟೆ ಉರಿಯುತ್ತದೆ. ಬ್ಯಾಂಕುಗಳಲ್ಲಿ ಒಬ್ಬರ ಠೇವಣಿಗೆ, ಅಸಲು ಬಡ್ಡಿ ಸೇರಿ, 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಇದೆ, ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿಗೆ ನಿರ್ಬಂಧ ಹಾಕಿದಾಗ ಠೇವಣಿದಾರರು 35,000ಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಆಗಿನ ವಿಮೆ ಒಂದೇ ಲಕ್ಷ, 5 ಲಕ್ಷವಾದದ್ದು ಮುಂದಿನ ತಿಂಗಳು. ಎಲ್ಲವನ್ನೂ ಒಂದೇ ಕಡೆ ಇಡಬೇಡಿ.

ಹೆಜ್ಜೆ 6: ಮನೆ ಬರೆದುಕೊಡುವ ಮುನ್ನ

ಮಕ್ಕಳ ಮೇಲಿನ ಪ್ರೀತಿಯಲ್ಲಿ ಇದ್ದೊಂದು ಮನೆಯನ್ನು ದಾನಪತ್ರ ಮಾಡಿಕೊಟ್ಟು, ಆಮೇಲೆ ಅದೇ ಮನೆಯ ಹಿಂದಿನ ಕೋಣೆಯಲ್ಲಿ ಅಂಜುತ್ತಾ ಬದುಕುವ ಹಿರಿಯರಿದ್ದಾರೆ. ನನ್ನ ಸಲಹೆ ಒಂದೇ: ಬದುಕಿರುವಾಗ ಬರೆದುಕೊಡಬೇಡಿ, ವಿಲ್ ಮಾಡಿ. ಬರೆದುಕೊಡಲೇಬೇಕಾದರೆ, ‘ಕೊನೆಯವರೆಗೆ ನಮ್ಮನ್ನು ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯ 23ನೇ ಕಲಂ ಪ್ರಕಾರ, ಷರತ್ತು ಮುರಿದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ನಮ್ಮಲ್ಲಿ ಅದರ ದೂರನ್ನು ಉಪವಿಭಾಗಾಧಿಕಾರಿ ಕೇಳುತ್ತಾರೆ. ಷರತ್ತು ಬರೆಸಿದರೆ ಮಗ ಬೇಸರ ಮಾಡಿಕೊಳ್ಳುತ್ತಾನೆ ಎಂಬ ಸಂಕೋಚ ಬೇಡ. ಪತ್ರ ಬರೆಯುವವರಿಗೆ ಇದು ದಿನನಿತ್ಯದ ಒಂದು ಸಾಲು.

ವಿಲ್ ಬರೆಯಲು ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು, ಎದುರಿಗೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ಜಗಳ ಕಡಿಮೆ.

ಹೆಜ್ಜೆ 7: ನಾಮಿನಿ ಯಾರೆಂದು ಇವತ್ತೇ ನೋಡಿ

ನಾಮಿನಿ ಎಂದರೆ ಸಾಮಾನ್ಯವಾಗಿ ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸುವವರು, ಅಷ್ಟರಿಂದಲೇ ಒಡೆಯರಾಗುವುದಿಲ್ಲ. ಹಾಗಿದ್ದರೂ ನಾಮಿನಿ ಇಲ್ಲದ ಖಾತೆಗಾಗಿ ಮನೆಯವರು ಅಲೆಯುವ ಅಲೆದಾಟ ಹೇಳತೀರದು. ಮದುವೆಗೆ ಮೊದಲು ಪಿಎಫ್‌ಗೆ ಕೊಟ್ಟ ನಾಮಿನಿ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದಾಗಿ ಕೊಡಬೇಕು. ಬ್ಯಾಂಕ್ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ವರನ್ನು ಹೆಸರಿಸಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಯಬಹುದು.

ಹೆಜ್ಜೆ 8: ಫೋನಿನ ಪುಟ

ಪೊಲೀಸರೆಂದು ಹೇಳಿಕೊಂಡು, ಫೋನಿನಲ್ಲೇ ಬಂಧಿಸಿದ್ದೇವೆಂದು ಹೆದರಿಸಿ ದುಡ್ಡು ಕೀಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ಕಂಡರೆ ಕರೆ ಕತ್ತರಿಸಿ, ಮನೆಯಲ್ಲಿ ಯಾರಿಗಾದರೂ ಹೇಳಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಾಚಿಕೆಯಿಂದ ತಡಮಾಡಿದ ಗಂಟೆಯಲ್ಲೇ ಹಣ ಕೈಮೀರುತ್ತದೆ. ಹಿರಿಯರ ಯಾವುದೇ ತೊಂದರೆಗೆ ರಾಷ್ಟ್ರೀಯ ಸಹಾಯವಾಣಿ 14567.

ಹೆಜ್ಜೆ 9: ಭಾನುವಾರದ ಕಾಫಿ ಆದ ಮೇಲೆ

ಪುಸ್ತಕ ತುಂಬಿಸಿ ಬೀರುವಿಗೆ ಸೇರಿಸಿದರೆ ಅದೂ ನಮ್ಮಪ್ಪನ ಕವರಿನಂತೆಯೇ ಆಗುತ್ತದೆ. ಗಂಡನೋ ಹೆಂಡತಿಯೋ, ದುಡ್ಡಿನ ವ್ಯವಹಾರ ಮಾಡದೆ ಇದ್ದವರ ಕೈಗೆ ಅದನ್ನು ಕೊಡಿ. ನಮ್ಮಮ್ಮ ಎಪ್ಪತ್ತೊಂದರ ವಯಸ್ಸಿನಲ್ಲಿ ಮೊದಲ ಸಲ ಎಟಿಎಂನಲ್ಲಿ ದುಡ್ಡು ತೆಗೆದಾಗ, ಆ ಐನೂರರ ನೋಟುಗಳನ್ನು ಎರಡು ಸಲ ಎಣಿಸಿ, ರಸೀದಿಯನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡರು. ಮನೆಗೆ ಬಂದವರೇ ಬಲಪುಟದಲ್ಲಿ ತಾರೀಖು ಹಾಕಿ ಬರೆದರು: ‘ತೆಗೆದದ್ದು 2,000’. ಆಮೇಲೆ ಬಿಪಿ ಯಂತ್ರದ ಪಟ್ಟಿಯನ್ನು ತಾವೇ ತೋಳಿಗೆ ಸುತ್ತಿಕೊಂಡು, ‘ಐದು ನಿಮಿಷ ಮಾತಾಡಿಸಬೇಡ’ ಎಂದರು.