ಡಿಸೆಂಬರಿನಲ್ಲಿ ತಡಿಯಂಡಮೋಳ್: ಹತ್ತುವ ಮೊದಲು ಕಾಫಿ ಕಣ ನೋಡಿ

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿಯುವಷ್ಟರಲ್ಲಿ ಬೆಂಗಳೂರಿನಿಂದ ತಂಗಿಯ ಮಗನ ಫೋನು ಬರುತ್ತದೆ. "ದೊಡ್ಡಮ್ಮ, ಮಳೆ ನಿಂತಿದೆಯಲ್ಲ, ಬೆಟ್ಟ ಒಣಗಿರಬೇಕು, ಫ್ರೆಂಡ್ಸ್ ಕರ್ಕೊಂಡು ಬರಲಾ?" ಮಳೆ ನಿಂತಿರುವುದು ನಿಜ. ಬೆಟ್ಟ ಒಣಗಿದೆ ಅನ್ನುವುದು ಸುಳ್ಳು. ನಾಪೋಕ್ಲಿನಲ್ಲಿ ಹುಟ್ಟಿ, ಕೊಡಗಿನ ಅತಿ ಎತ್ತರದ ಈ ತಡಿಯಂಡಮೋಳ್ ಬೆಟ್ಟವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಹತ್ತಿ, ಒಂದು ಸಲ ಕಾಲು ಉಳುಕಿಸಿಕೊಂಡು ಕತ್ತಲಲ್ಲಿ ಕುಂಟುತ್ತ ಇಳಿದವಳು ನಾನು. ಅವನಿಗೆ ಪ್ರತಿ ವರ್ಷ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಹಿಂದಿನ ದಿನ ಮಧ್ಯಾಹ್ನವೇ ಬೆಟ್ಟದ ಬುಡದ ಊರಾದ ಕಕ್ಕಬ್ಬೆಗೆ ಬಂದುಬಿಡಿ. ಮಡಿಕೇರಿಯಿಂದ ಬಂದರೂ ವಿರಾಜಪೇಟೆಯಿಂದ ಬಂದರೂ ದಾರಿಯುದ್ದಕ್ಕೂ ತೋಟಗಳೇ. ಅದು ಕಾಫಿ ಕೊಯ್ಲಿನ ಸಮಯ, ಕಣಗಳಲ್ಲಿ ಹಣ್ಣು ಹರಡಿರುತ್ತಾರೆ. ಹಾಡಹಗಲೇ ಅದನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಿದ್ದರೆ ಬೆಟ್ಟದ ಯೋಚನೆ ಬಿಡಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಡಿಸೆಂಬರಿನಲ್ಲೂ ನಮ್ಮಲ್ಲಿ ಮೋಡ ಕಟ್ಟಿ ಎರಡು ದಿನ ಜಿನುಗುತ್ತದೆ. ಕಣದಲ್ಲಿ ಕಾಫಿ ಇಟ್ಟವರು ಆಕಾಶ ನೋಡುವಷ್ಟು ಗಮನವಿಟ್ಟು ಯಾವ ಆ್ಯಪೂ ನೋಡುವುದಿಲ್ಲ.

ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿಕೊಳ್ಳಿ. ಅದರ ಬಗ್ಗೆ ಇಷ್ಟು ಸಾಕು.

ಬೆಳಿಗ್ಗೆ ನಾಲ್ಕುನಾಡು ಅರಮನೆಯ ಹತ್ತಿರದಿಂದ ಹೊರಡುವುದು. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಅರಮನೆ ಅದು. ನೋಡುವ ಆಸೆಯಿದ್ದರೆ ಬೆಟ್ಟ ಇಳಿದ ಮೇಲೆ ನೋಡಿ, ಬೆಳಗಿನ ಒಂದು ಗಂಟೆಯನ್ನು ಅಲ್ಲಿ ಕಳೆಯಬೇಡಿ. ಹೊರಡುವಾಗ ಗದ್ದೆ ಬಯಲೆಲ್ಲ ಮಂಜು ತುಂಬಿ, ಹತ್ತು ಮಾರು ಆಚೆ ಏನೂ ಕಾಣದೆ ಇರಬಹುದು. ಅದಕ್ಕೆ ಹೆದರಬೇಕಿಲ್ಲ. ರಾತ್ರಿ ಆಕಾಶ ತಿಳಿಯಾಗಿದ್ದರೆ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಅಲ್ಲೇ ಮಂಜಾಗಿ ನಿಲ್ಲುತ್ತದೆ, ಮೇಲೆ ಬಿಸಿಲಿರುತ್ತದೆ. ಹೆದರಬೇಕಾದದ್ದು ಮಧ್ಯಾಹ್ನದ ಮೇಲೆ ಪಶ್ಚಿಮದಿಂದ ಏರಿ ಬಂದು ತುದಿಯನ್ನೇ ಮುಚ್ಚುವ ಮೋಡಕ್ಕೆ. ಆಗ ಹುಲ್ಲುಗಾವಲಿನಲ್ಲಿ ಕಾಲುದಾರಿ ಯಾವುದು, ದನ ಓಡಾಡಿದ ಜಾಡು ಯಾವುದು ಗೊತ್ತಾಗುವುದಿಲ್ಲ. ನಿಂತಲ್ಲೇ ನಿಂತು ಮೋಡ ಸರಿಯುವವರೆಗೆ ಕಾಯಿರಿ.

ಮೊದಲ ಅರ್ಧ ತೋಟದ ಪಕ್ಕದ ಜೀಪು ದಾರಿ, ಮಾತಾಡಿಕೊಂಡು ಹೋಗಬಹುದು. ದೊಡ್ಡ ಬಂಡೆ ದಾಟಿದ ಮೇಲೆ ಬೆಟ್ಟ ತನ್ನ ಬುದ್ಧಿ ತೋರಿಸುತ್ತದೆ. ಅಲ್ಲಿ ಶೋಲಾ ಕಾಡು, ಅಂದರೆ ಹುಲ್ಲುಗಾವಲಿನ ನಡುವಿನ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕಾಡು. ಹೊರಗೆ ಹುಲ್ಲು ಒಣಗಿ ಹಳದಿಯಾಗಿದ್ದರೂ ಈ ಕಾಡಿನೊಳಗೆ ಬಿಸಿಲೇ ಬೀಳುವುದಿಲ್ಲ. ಕೊಳೆತ ಎಲೆ, ಪಾಚಿ ಹಿಡಿದ ಬೇರು, ರಾತ್ರಿಯಿಡೀ ಮರದಿಂದ ತೊಟ್ಟಿಕ್ಕಿದ ಇಬ್ಬನಿ. ಜಿಗಣೆಗಳೂ ಇನ್ನೂ ಇರುತ್ತವೆ, ಒಂದು ಬಟ್ಟೆ ಗಂಟಿನಲ್ಲಿ ಉಪ್ಪು ಕಟ್ಟಿಕೊಳ್ಳಿ. ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಇಡಿ.

ಹತ್ತುವಾಗ ಬೆವತು ಅಂಗಿ ಒದ್ದೆಯಾಗುತ್ತದೆ, 1,748 ಮೀಟರ್ ಎತ್ತರದ ತುದಿಯಲ್ಲಿ ನಿಂತಾಗ ಗಾಳಿ ಅದೇ ಅಂಗಿಯ ಮೂಲಕ ಎಲುಬಿಗೆ ತಾಗುತ್ತದೆ. ಭಾರದ ಜಾಕೆಟ್ ಹೊತ್ತು ಸುಸ್ತಾಗುವುದಕ್ಕಿಂತ ಒಂದು ಒಣ ಬನಿಯನ್, ಒಂದು ತೆಳ್ಳಗಿನ ಗಾಳಿತಡೆ ಜಾಕೆಟ್ ಸಾಕು. ತುದಿ ತಲುಪಿದ ತಕ್ಷಣ, ಫೋಟೋಗೂ ಮೊದಲು, ಬನಿಯನ್ ಬದಲಿಸಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ತಲೆಗೆ ಎರಡು ಲೀಟರ್ ನೀರು ಬೇಕು. ನಾನು ಹುತ್ತರಿಯ ತಂಬಿಟ್ಟು ಮಿಕ್ಕಿದ್ದರೆ ಅದನ್ನೇ ಕಟ್ಟಿಕೊಂಡು ಹೋಗುತ್ತೇನೆ, ಜೊತೆಗೆ ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ.

ಈಗ ಇಳಿಯುವ ವಿಷಯ. ನಾನು ಬಿದ್ದದ್ದು ಇಲ್ಲೇ. ತುದಿಯಲ್ಲಿ ಹರಟುತ್ತ ಕುಳಿತು ಮೂರೂವರೆಗೆ ಹೊರಟಿದ್ದೆವು. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸುಮಾರು ಆರಕ್ಕೆ, ಶೋಲಾದೊಳಗೆ ಐದಕ್ಕೇ ಮಬ್ಬು. ಅವಸರದಲ್ಲಿ ಇಳಿಯುತ್ತ ಜಾರಿ ಪಾದ ತಿರುಚಿತು. ಜೊತೆಗಿದ್ದವರಲ್ಲಿ ಒಬ್ಬರ ಹತ್ತಿರವೂ ಟಾರ್ಚಿಲ್ಲ, ಫೋನುಗಳ ಚಾರ್ಜು ತುದಿಯಲ್ಲೇ ಸೆಲ್ಫಿಗೆ ಖರ್ಚಾಗಿತ್ತು. ಅಂದಿನಿಂದ ನಮ್ಮ ಗುಂಪಿನ ಲೆಕ್ಕ ಸಂಜೆಯಿಂದ ಹಿಂದಕ್ಕೆ: ನಾಲ್ಕಕ್ಕೆ ಕೆಳಗಿರಬೇಕು, ಇಳಿಯಲು ಎರಡೂವರೆ ಮೂರು ಗಂಟೆ, ಹಾಗಾದರೆ ಒಂದು ಗಂಟೆಗೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್. ತುದಿ ಎದುರಿಗೇ ಕಾಣುತ್ತಿದ್ದರೂ ವಾಪಸ್. ಇದಕ್ಕೆ ತಂಗಿಯ ಮಗ ಇನ್ನೂ ನನ್ನ ಮೇಲೆ ಮುನಿಸಿಕೊಳ್ಳುತ್ತಾನೆ.

ಒಣಗಿದ ಹುಲ್ಲು ಇಳಿಜಾರಿನ ಕಡೆಗೇ ಮಲಗಿರುತ್ತದೆ, ಅದರ ಮೇಲೆ ಹೆಜ್ಜೆಯಿಟ್ಟರೆ ಚಾಪೆ ಎಳೆದ ಹಾಗೆ. ಬಂಡೆಯ ಮೇಲಿನ ಸಣ್ಣ ಚರಳು ಕಾಲಡಿ ಗೋಲಿಯಂತೆ ಉರುಳುತ್ತದೆ. ಎರಡಕ್ಕಿಂತ ಬರಿಯ ಮಣ್ಣೇ ವಾಸಿ. ಹೆದರಿಕೆಗೆ ಮೈ ಹಿಂದಕ್ಕೆ ವಾಲುತ್ತದೆ, ಹಿಂದಕ್ಕೆ ವಾಲಿದವರೇ ಕುಂಡೆ ಊರಿ ಜಾರುವುದು. ಮಂಡಿ ಸ್ವಲ್ಪ ಬಗ್ಗಿಸಿ, ಪಾದ ಓರೆಯಾಗಿಟ್ಟು, ಗೇಣು ಗೇಣು ಹೆಜ್ಜೆಯಲ್ಲಿ ಇಳಿಯಿರಿ. ಹುಲ್ಲು ಹಿಡಿದರೆ ಕೈ ಕೊಯ್ಯುತ್ತದೆ, ಬುಡಸಮೇತ ಕಿತ್ತೂ ಬರುತ್ತದೆ. ಕಾಫಿ ಗಿಡದ ಕೋಲೊಂದು ಇರಲಿ, ಸವೆದ ಅಡಿಯ ಶೂ ಬೇಡ. ಮುಂದಿನವರಿಗಿಂತ ನಾಲ್ಕಾರು ಮಾರು ಹಿಂದಿರಿ, ನೀವು ಜಾರಿದರೆ ಅವರನ್ನೂ ಕರೆದುಕೊಂಡು ಹೋಗಬಾರದಲ್ಲ.

ತಾಜಾ ಆನೆ ಲದ್ದಿ ಕಂಡರೆ ಮಾತು ನಿಲ್ಲಿಸಿ, ಬಂದ ದಾರಿಗೇ ತಿರುಗಿ.

ಕೆಳಗೆ ಬಂದ ಮೇಲೆ ಶೂ, ಸಾಕ್ಸ್ ಕಳಚಿ ಕಾಲ್ಬೆರಳ ಸಂದಿ ನೋಡಿಕೊಳ್ಳಿ. ಜಿಗಣೆ ಕಚ್ಚಿದ ಜಾಗ ಸೋಪು ನೀರಲ್ಲಿ ತೊಳೆದು ಒತ್ತಿ ಹಿಡಿಯಿರಿ, ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ಗಾಬರಿ ಬೇಡ. ಆಮೇಲೆ ಅರಮನೆ ನೋಡಿ, ಬಾಗಿಲು ಇನ್ನೂ ತೆರೆದಿದ್ದರೆ.